ಲಿವರ್ ಎಂಬ ಮರ್ಯಾದೆಯ ಮಾತು

ನನಗೆ ಲಿವರ್ ಕಾಯಿಲೆ ಎಂದು ಹಂಪಾಪುರದಲ್ಲಿ ಎಲ್ಲರಿಗೂ ಗೊತ್ತಿತ್ತು. ನಂಬದೆ ಇದ್ದವಳು ನಾನೊಬ್ಬಳೇ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುವವರಿಂದ ಹಿಡಿದು ಕೇರಳದ ಲಾರಿಗೆ ಶುಂಠಿ ಮೂಟೆ ಹೊರುವವರವರೆಗೆ, ಎದುರು ಸಿಕ್ಕವರೆಲ್ಲ ಮೊದಲು ನನ್ನ ಕಣ್ಣಿನ ಬಿಳಿ ನೋಡುತ್ತಿದ್ದರು, ಹಳದಿ ತಿರುಗಿದೆಯೇ ಎಂದು. ಆಮೇಲೆ ಮುಖ ನೋಡಿ ಚೆನ್ನಾಗಿದ್ದೀಯವ್ವ ಎನ್ನುತ್ತಿದ್ದರು. ಚೆನ್ನಾಗಿಯೇ ಇದ್ದೆ. ನನಗಿದ್ದ ಕಾಯಿಲೆ ಬೇರೆ. ಅದರ ಹೆಸರು ಊರಿನಲ್ಲಿ ಯಾರ ಬಾಯಿಗೂ ಬರುವಂಥದ್ದಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ, ಲಂಗ, ಚೂಡಿದಾರ ಹೊಲಿಯುತ್ತೇನೆ. ಗಂಡಸರ ಬಟ್ಟೆ ಮುಟ್ಟುವುದಿಲ್ಲ. ಮದುವೆಯ ಕಾಲದಲ್ಲಿ ನಮ್ಮ ತಾಲ್ಲೂಕು ಕೇಂದ್ರ ಕೋಟೆಯಿಂದಲೂ ಹೆಂಗಸರು ಬರುತ್ತಾರೆ, ಅಲ್ಲಿ ಅಷ್ಟೊಂದು ಟೈಲರುಗಳಿದ್ದರೂ. ಇದು ಜಂಬ ಅನ್ನಿಸಿದರೆ ಅನ್ನಿಸಲಿ, ನನ್ನ ಕೈಯ ರವಿಕೆ ತೊಟ್ಟವಳು ಇನ್ನೊಬ್ಬರ ಹತ್ತಿರ ಹೋಗುವುದಿಲ್ಲ. ಊರಿನ ಹೆಂಗಸರ ಅಳತೆಯೆಲ್ಲ ನನಗೆ ಬಾಯಿಪಾಠ. ಬಾಣಂತನದಲ್ಲಿ ಎಷ್ಟು ಬಿಡಬೇಕು, ವಯಸ್ಸಾದಂತೆ ಎಲ್ಲಿ ಹಿಡಿಯಬೇಕು, ಹೇಳದೆಯೇ ಗೊತ್ತಾಗುತ್ತದೆ. ಹಾಗಿದ್ದೂ ಟೇಪು ಸುತ್ತುವ ಆ ಅಂಗದ ಹೆಸರನ್ನು ನನ್ನ ಅಂಗಡಿಯಲ್ಲಿ ಯಾರೂ ಹೇಳಿದ್ದಿಲ್ಲ. ‘ಎದೆ’ ಎನ್ನುತ್ತೇವೆ, ‘ಮುಂದ್ಗಡೆ’ ಎನ್ನುತ್ತೇವೆ, ‘ಇಲ್ಲಿ ಬಿಗಿ ಆಯ್ತದೆ’ ಎಂದು ಗಾಳಿಯಲ್ಲಿ ಕೈ ಆಡಿಸುತ್ತೇವೆ.

ಈ ಮನೆಗೆ ಸೊಸೆಯಾಗಿ ಬಂದಮೇಲೆ ನಾನು ಹೊಲಿದ ಮೊದಲ ರವಿಕೆ ನನ್ನ ಅತ್ತೆಯದು. ಕೊನೆಕೊನೆಗೆ ಅವರು, “ಎಡ್ಗಡೆ ಒಸಿ ಸಡ್ಲ ಬುಡು, ಒಳ್ಗಡೆ ಹಳೇ ಪಂಚೆ ಬಟ್ಟೆ ಕೊಟ್ಟು ಹೊಲಿ” ಎನ್ನುತ್ತಿದ್ದರು. ಮುದುಕರಿಗೆ ಒಂದೊಂದು ಗೀಳು ಎಂದುಕೊಂಡು ಹೊಲಿದು ಕೊಟ್ಟೆ. ನನ್ನ ಮಗಳು ಅಂಬೆಗಾಲಿಡುತ್ತಿದ್ದ ವರ್ಷ ಅವರು ಕಾಮಾಲೆಯಾಗಿ ತೀರಿಕೊಂಡರು. ಲಿವರ್ ಕೆಟ್ಟಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು.

ನನ್ನ ಗಂಟು ನನಗೆ ಸಿಕ್ಕಿದ್ದು ಸ್ನಾನದ ಮನೆಯಲ್ಲಿ. ಬಲಗಡೆ, ಅವರೆಕಾಳಿನಷ್ಟು, ನೋವಿಲ್ಲ. ಬಟ್ಟೆಯ ಮೇಲೆ ಬೆರಳು ಆಡಿಸಿ ಆಡಿಸಿ ಪಳಗಿದ ಕೈ, ಇದು ಇರಬಾರದ ಜಾಗದಲ್ಲಿ ಇದೆ ಎಂದು ಆಗಲೇ ಅನ್ನಿಸಿತು. ಗಂಡನಿಗೆ ಹೇಳಿದೆ. ಊರಿಗೆ ಸೊಂಟನೋವು ಎಂದು ಹೇಳಿ ಇಬ್ಬರೂ ಮೈಸೂರಿಗೆ ಹೋದೆವು. ಸೂಜಿ ಹಾಕಿ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಎಂದರು. ಸಣ್ಣದು, ಬೇಗ ಸಿಕ್ಕಿದೆ, ಆಪರೇಷನ್ ಮಾಡಿ ತೆಗೆಯೋಣ ಎಂದು ದಿನವನ್ನೂ ಗೊತ್ತು ಮಾಡಿದರು. ಕೆ.ಆರ್. ನಗರಕ್ಕೆ ಕೊಟ್ಟಿರುವ ಮಗಳಿಗೆ ಎಲ್ಲ ಮುಗಿದ ಮೇಲೆ ಹೇಳೋಣ ಎಂದು ನನ್ನ ಗಂಡ ಅಂದರು. ನಾನು ಹೂಂ ಅಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಒಪ್ಪಿಕೊಂಡಿದ್ದ ರವಿಕೆಗಳಲ್ಲಿ ಯಾವುದನ್ನು ಮೊದಲು ಮುಗಿಸಬೇಕು ಎಂದು ಯೋಚಿಸಿಕೊಂಡು ಬಂದೆ. ನಾನು ಅಷ್ಟು ಗಟ್ಟಿ.

ಆಪರೇಷನ್ನಿಗೆ ಮುಂಚೆ ಎದೆಯದೊಂದು ಎಂ.ಆರ್.ಐ. ಬೇಕು, ಬೇರೆ ಗಂಟೇನಾದರೂ ಅಡಗಿದೆಯೇ ನೋಡಬೇಕು ಎಂದರು ಡಾಕ್ಟರಮ್ಮ. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು, ಮಾತು ಮಾತ್ರ ನನ್ನಮ್ಮನ ವಯಸ್ಸಿನದು. ತೂತಿರುವ ಹಲಗೆಯ ಮೇಲೆ ಬೋರಲು ಮಲಗಿಸಿ ಕೊಳವೆಯೊಳಕ್ಕೆ ತಳ್ಳಿದರು. ರಾಗಿ ಮಿಷನ್ನಿನ ಕಲ್ಲಿಗೆ ಕಿವಿ ಕೊಟ್ಟ ಹಾಗೆ ಸದ್ದು. ಅಲ್ಲಾಡಬೇಡಿ ಎಂದಿದ್ದರು, ಅಲ್ಲಾಡಲಿಲ್ಲ.

ಎದೆಯಲ್ಲಿ ಬೇರೆ ಗಂಟು ಇರಲಿಲ್ಲ. ಆದರೆ ಡಾಕ್ಟರಮ್ಮ ಪರದೆಯ ಕೆಳತುದಿಯಲ್ಲಿ ಬೆರಳಿಟ್ಟರು.

“ನೋಡಿಮ್ಮ, ಎದೆಯ ಚಿತ್ರ ತೆಗೆಯುವಾಗ ಕೆಳಗಡೆ ಲಿವರ್‌ನ ಮೇಲ್ಭಾಗವೂ ಸ್ವಲ್ಪ ಸಿಗುತ್ತೆ. ಅಲ್ಲೊಂದು ಚುಕ್ಕೆ ಇದೆ. ನಾವು ಹುಡುಕಿದ್ದಲ್ಲ, ಕಣ್ಣಿಗೆ ಬಿದ್ದಿದ್ದು.”

ಮದುವೆ ಫೋಟೋದಲ್ಲಿ ಹೆಣ್ಣುಗಂಡಿನ ಹಿಂದೆ ಯಾರೋ ಬಾಯಿ ಬಿಟ್ಟುಕೊಂಡು ಲಾಡು ತಿನ್ನುತ್ತಿರುವವನು ಸಿಕ್ಕುತ್ತಾನಲ್ಲ, ಹಾಗೆ ಎಂದುಕೊಂಡೆ. ಹಾಗೇ ಕೇಳಿಯೂ ಬಿಟ್ಟೆ. ಡಾಕ್ಟರಮ್ಮ ನಕ್ಕರು.

“ಹಾಗೇ. ಇಂಥ ಚುಕ್ಕೆಗಳು ಹೆಚ್ಚಿನವು ಏನೂ ಅಲ್ಲ. ನೀರಿನ ಗುಳ್ಳೆ ಇರಬಹುದು, ರಕ್ತನಾಳದ ಗಂಟು ಇರಬಹುದು. ಎಷ್ಟೋ ಜನಕ್ಕೆ ಇರುತ್ತೆ, ಗೊತ್ತೇ ಆಗಲ್ಲ. ಆದರೆ ನಿಮಗೆ ಎದೆಯಲ್ಲಿ ಕ್ಯಾನ್ಸರ್ ಇರೋದರಿಂದ ಸುಮ್ಮನೆ ಬಿಡೋ ಹಾಗಿಲ್ಲ. ಅದು ಹರಡಿದರೆ ಹೋಗೋ ಜಾಗಗಳಲ್ಲಿ ಲಿವರ್ ಒಂದು.”

“ಹರಡಿದ್ರೆ?”

“ಹರಡಿಲ್ಲ ಅಂತಾದರೆ ಆಪರೇಷನ್ ಮಾಡಿ, ಮುಂದಿನ ಚಿಕಿತ್ಸೆ ಕೊಟ್ಟು, ಪೂರ್ತಿ ವಾಸಿ ಮಾಡೋ ದಾರಿ ಹಿಡಿಯೋಣ. ಹರಡಿದೆ ಅಂತಾದರೆ ದಾರಿಯೇ ಬೇರೆ.”

ಆ ಬೇರೆ ದಾರಿಯಲ್ಲಿ ‘ವಾಸಿ’ ಎಂಬ ಮಾತು ಇಲ್ಲ ಎಂದು ನನಗೆ ಅರ್ಥವಾಯಿತು. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಗಂಡ ಗೋಡೆಯ ಫ್ಯಾನಿನ ಸ್ವಿಚ್ಚನ್ನೇ ನೋಡುತ್ತಿದ್ದರು. ಮುಂದಿನ ವಾರ ಹೊಟ್ಟೆಯ ಸ್ಕ್ಯಾನ್, ರಕ್ತಪರೀಕ್ಷೆ. ಚುಕ್ಕೆ ಏನೂ ಅಲ್ಲ ಎಂದಾದರೆ ಮೊದಲೇ ಗೊತ್ತು ಮಾಡಿದ್ದ ದಿನ ಆಪರೇಷನ್. ನನಗಂತೂ ಅದು ಏನೂ ಅಲ್ಲ ಎಂದೇ ಅನ್ನಿಸಿತ್ತು. ಒಳ್ಳೆಯ ಸೀರೆಯಲ್ಲೂ ನೇಯ್ಗೆಯ ಗಂಟು ಒಂದೋ ಎರಡೋ ಇರುತ್ತದೆ. ಗಂಟು ಕಂಡಲ್ಲೆಲ್ಲ ಸೀರೆ ಹರಿದಿದೆ ಎನ್ನುವವಳಾಗಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಮನೆಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ಭಾವ ಕೂತಿದ್ದರು. ಅಣ್ಣತಮ್ಮಂದಿರ ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿಂದೆ ಒಂದೇ ಹಿತ್ತಲು.

“ಏನಂದ್ರುಲಾ?” ಎಂದರು ತಮ್ಮನಿಗೆ.

ನನ್ನ ಗಂಡ ಬಾಯಿ ತೆರೆದರು, ಮುಚ್ಚಿದರು. ಅಣ್ಣನ ಎದುರು ಹೆಂಡತಿಯ ಎದೆಯ ಮಾತು ಎತ್ತುವುದು ಹೇಗೆ? ಆಮೇಲೆ ಒಮ್ಮೆಗೇ ಮುಖ ಸಡಿಲವಾಯಿತು.

“ಲಿವರ್‌ನಾಗೆ ಒಂದು ಚುಕ್ಕೆ ಅದೆ ಅಂತೆ ಕಣಣ್ಣ.”

ಸುಳ್ಳಲ್ಲ. ಎಳ್ಳಷ್ಟೂ ಸುಳ್ಳಲ್ಲ. ನಾಲ್ಕು ಜನರ ಮುಂದೆ ಹೇಳಬಹುದಾದ ಅಂಗವೊಂದು ಕೊನೆಗೂ ನನ್ನ ಮೈಯಲ್ಲಿ ಸಿಕ್ಕಿತು ಎಂದು ಅವರಿಗೆ ನೆಮ್ಮದಿಯಾಗಿತ್ತು, ಅಷ್ಟೇ. ಅದೇ ಸಂಜೆ ಮಗಳು ಫೋನ್ ಮಾಡಿದಾಗ ಅವಳಿಗೂ ಇದನ್ನೇ ಹೇಳಿದರು. ನಾನೂ ತಿದ್ದಲಿಲ್ಲ.

ಊರು ಇದನ್ನು ತನ್ನ ಲೆಕ್ಕದಲ್ಲಿ ತೆಗೆದುಕೊಂಡಿತು. ಲಿವರ್ ಎಂದರೆ ಕುಡುಕರ ಕಾಯಿಲೆ. ನನ್ನ ಗಂಡ ಕಳ್ಳು ಕೂಡ ಮೂಸಿದವರಲ್ಲ ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಕುಡಿಯುತ್ತಿದ್ದವರು ಯಾರು? ರವಿಕೆ ತೆಗೆದುಕೊಂಡು ಹೋಗಲು ಬಂದ ಅಜ್ಜಿಯೊಬ್ಬಳು ಅತ್ತ ಇತ್ತ ನೋಡಿ, “ಕದ್ದುಮುಚ್ಚಿ ತಗಳದ ಒಸಿ ಕಮ್ಮಿ ಮಾಡವ್ವ” ಎಂದು ಬುದ್ಧಿ ಹೇಳಿದಳು.

“ನಾನು ಕುಡ್ದು ಹೊಲ್ದಿದ್ರೆ ನಿನ್ ರವ್ಕೆಗೆ ಮೂರು ತೋಳು ಇರ್ತಿತ್ತು ಕಣಜ್ಜಿ” ಎಂದೆ. ಅವಳು ತೋಳು ಎಣಿಸಿ ನೋಡಿಕೊಂಡೇ ಚೀಲಕ್ಕೆ ಹಾಕಿದಳು.

ನಗದೆ ಇದ್ದವಳು ನನ್ನ ಓರಗಿತ್ತಿ, ಭಾವನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಮಾತು ಕಡಿಮೆ, ಕೈಕೆಲಸ ಜಾಸ್ತಿ. ನಾನು ಈ ಮನೆಗೆ ಬಂದಾಗಿನಿಂದ ಅವಳು ಒಂದು ರೊಟ್ಟಿ ಸೀಯಿಸಿದ್ದನ್ನು ಕಂಡಿಲ್ಲ. ಭಾವ ಒಳಗೆ ಹೋಗಿ ಲಿವರ್ ಅಂತೆ ಎಂದು ಹೇಳಿದ ಸಂಜೆ ಗೋಡೆಯ ಆಚೆಯಿಂದ ಸೀದ ವಾಸನೆ ಬಂತು. ಹೋಗಿ ನೋಡಿದರೆ ರೊಟ್ಟಿ ಹೆಂಚಿನ ಮೇಲೆ ಕರಿಯಾಗುತ್ತಿತ್ತು, ಅಕ್ಕ ಹಿತ್ತಲ ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದಳು.

ಮರುದಿನ ಮೊದಲ ಬಸ್ಸಿಗೆ ಅವಳು ಹೊರಟುಬಿಟ್ಟಳು. ಅವಳ ತವರು ಹಾರನಹಳ್ಳಿ ಕಡೆ. ಕೋಟೆಗೆ ಹೋಗಿ, ಹುಣಸೂರಲ್ಲಿ ಬಸ್ಸು ಬದಲಿಸಿ, ಪಿರಿಯಾಪಟ್ಟಣದ ಮೇಲೆ ಹಾರನಹಳ್ಳಿ ಮುಟ್ಟಿ, ಸಂಜೆಗೆ ಅದೇ ದಾರಿಯಲ್ಲಿ ವಾಪಸು. ಕೈಯಲ್ಲಿ ಮುತ್ತುಗದೆಲೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಅವಳ ತವರಿನ ಬೀದಿಯಲ್ಲಿ ಕಾಮಾಲೆಗೆ ಔಷಧಿ ಕೊಡುವ ಒಬ್ಬ ಮುದುಕಿ ಇದ್ದಾಳೆ. ದುಡ್ಡು ಮುಟ್ಟುವುದಿಲ್ಲ, ವೀಳ್ಯದೆಲೆ ಅಡಿಕೆ ಇಟ್ಟರೆ ಸಾಕು. ಸೊಪ್ಪನ್ನು ಅರೆದು ಉಂಡೆ ಮಾಡಿಯೇ ಕೊಡುತ್ತಾಳೆ. ಯಾವ ಸೊಪ್ಪು ಎಂದು ಕೇಳಬಾರದು, ಹೆಸರು ಹೇಳಿದರೆ ಔಷಧಿ ಹಿಡಿಯುವುದಿಲ್ಲ. ಹೊತ್ತು ಹುಟ್ಟುವ ಮೊದಲು ಖಾಲಿ ಹೊಟ್ಟೆಯಲ್ಲಿ ಮಜ್ಜಿಗೆಗೆ ಕದಡಿ ಕುಡಿಯಬೇಕು. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ.

“ಅಕ್ಕ, ಇದು ಕಾಮಾಲೆ ಅಲ್ಲ” ಎಂದೆ.

“ಲಿವರ್ ಅಂದ್ರೆ ಕಾಮಾಲೆ ಅಲ್ದೆ ಇನ್ನೇನು? ಸುಮ್ಕೆ ಕುಡಿ.”

“ಡಾಕ್ಟ್ರು ಹಂಗೇನೂ ಹೇಳಿಲ್ಲ.”

“ಡಾಕ್ಟ್ರು ಹೇಳೋಗಂಟ ಕಾದ್ರೆ ತಡ ಆಯ್ತದೆ. ಕುಡಿ ಕಣವ್ವ.”

ಲೋಟವನ್ನು ನನ್ನ ತುಟಿಗೇ ಒತ್ತಿ ಹಿಡಿದಳು. ಹಾವು ಹಿಡಿದು ಹಿತ್ತಲ ಬೇಲಿಯಾಚೆ ಎಸೆದಾಗಲೂ ಹೆದರದವಳು ಈಗ ಹೆದರಿದ್ದಳು. ನಾನು ಕುಡಿದೆ. ಸೊಪ್ಪಿನ ರಸ ತಾನೇ, ದಂಟಿನ ಸೊಪ್ಪು ತಿನ್ನುವುದಿಲ್ಲವೇ ಎಂದುಕೊಂಡೆ. ಆಪರೇಷನ್ ಆಗುವವಳು ನಾನು, ಧೈರ್ಯ ಬೇಕಾಗಿದ್ದುದು ಅವಳಿಗೆ. ಕೊಟ್ಟರೆ ನನ್ನದೇನು ಹೋಗುತ್ತದೆ? ಕಹಿ ಎಂದರೆ ನಾಲಿಗೆಯ ಬುಡದವರೆಗೆ ಕಹಿ. ಪ್ರತಿದಿನ ಬೆಳಗಾಗುವ ಮೊದಲು ಹಿತ್ತಲ ಬಾಗಿಲು ತಟ್ಟಿ, ವಿಭೂತಿ ಹಚ್ಚಿದ ಹಣೆಯಲ್ಲಿ, ಲೋಟ ಹಿಡಿದು ನಿಲ್ಲುತ್ತಿದ್ದಳು. ಮುಗಿಯುವವರೆಗೆ ಕದಲುತ್ತಿರಲಿಲ್ಲ. ನನ್ನ ಗಂಡ ಜೊತೆಗೆ ತಾವೂ ಸಪ್ಪೆ ಉಣ್ಣುತ್ತೇನೆ ಎಂದು ಹಟ ಹಿಡಿದರು. ಎರಡನೆಯ ದಿನವೇ ಅನ್ನದ ಅಡಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಬಚ್ಚಿಟ್ಟುಕೊಂಡಿದ್ದು ಕಂಡಿತು. ನೋಡದವಳ ಹಾಗೆ ಇದ್ದೆ.

ಮೈಸೂರಿಗೆ ಹೋಗುವ ದಿನ ಅಕ್ಕನೂ ಬರುತ್ತೇನೆ ಎಂದಳು. ಬೇಡ ಎಂದರೂ ಬಸ್ಸು ಹತ್ತಿದಳು.

ಹೊಟ್ಟೆಯ ಸ್ಕ್ಯಾನ್ ಮಾಡಿದವರು, ರಕ್ತನಾಳದ ಗಂಟಿನ ಹಾಗೇ ಕಾಣುತ್ತದೆ ಎಂದರು. ನಾನು ಆಗಲೇ ಗೆದ್ದೆ ಎಂದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದೆ. ಅವರು ರಕ್ತಪರೀಕ್ಷೆಯ ಕಾಗದ ನೋಡುತ್ತಿದ್ದರು. ಈ ಸಲ ನಗಲಿಲ್ಲ.

“ಮೊದಲು ನೋಡಿದಾಗ ನಿಮ್ಮ ಲಿವರ್‌ನ ರಕ್ತಪರೀಕ್ಷೆ ಸರಿಯಾಗಿತ್ತು. ಈಗ ತುಂಬಾ ಏರಿದೆ. ಲಿವರ್‌ಗೆ ಏನೋ ಪೆಟ್ಟು ಬೀಳ್ತಾ ಇದೆ. ಮಾತ್ರೆ, ಔಷಧಿ ಏನಾದರೂ ತಗೊಂಡ್ರಾ?”

“ಇಲ್ಲ” ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆ ಎಂದು ಈಗ ನೆನೆದರೆ ನನಗೇ ನಗು ಬರುತ್ತದೆ. ಔಷಧಿ ಎಂದರೆ ಅಂಗಡಿಯಲ್ಲಿ ಚೀಟಿ ಕೊಟ್ಟು ತರುವುದು. ನಾನು ಕುಡಿದದ್ದು ಸೊಪ್ಪು.

“ಹಾಗಾದರೆ ಈಗ ಆಪರೇಷನ್ ಬೇಡ. ಆ ದಿನ ಮುಂದಕ್ಕೆ ಹಾಕೋಣ. ಲಿವರ್‌ನದೇ ದೊಡ್ಡ ಸ್ಕ್ಯಾನ್ ಮಾಡಿಸಿ, ಆ ಚುಕ್ಕೆ ಏನು ಅಂತ ಖಚಿತ ಆಗಬೇಕು” ಎಂದರು. ಆಗ ಹೆದರಿದೆ. ಕ್ಯಾನ್ಸರ್ ಎಂದಾಗ ಹೆದರದವಳು ಆಗ ಹೆದರಿದೆ. ಗಂಟು ತೆಗೆದರೆ ಮುಗಿಯಿತು ಎಂಬ ಲೆಕ್ಕದಲ್ಲಿ ನನ್ನ ಧೈರ್ಯವೆಲ್ಲ ನಿಂತಿತ್ತು. ಈಗ ಆ ಲೆಕ್ಕವೇ ತಪ್ಪಿತು. ಮೊಮ್ಮಗುವಿಗೆ ಫ್ರಾಕ್ ಹೊಲಿಯುತ್ತೇನೋ ಇಲ್ಲವೋ ಎಂದು ಅನ್ನಿಸಿತು. ಮಗಳಿನ್ನೂ ಬಸುರಿಯೇ ಆಗಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು, ನನ್ನ ಗಂಡ ದುಡ್ಡು ಕಟ್ಟಲು ಹೋಗಿದ್ದರು. ಪಕ್ಕದಲ್ಲಿ ಕೂತು ಹೇಳಿದೆ: “ಲಿವರ್ ಕೆಟ್ಟದಂತೆ ಕಣಕ್ಕ. ಮೊದ್ಲು ಚೆನ್ನಾಗಿತ್ತಂತೆ. ಈ ವಾರದಾಗೇ ಕೆಟ್ಟಿರೋದಂತೆ.”

“ಈ ವಾರದಾಗಾ?”

“ಹೂಂ.”

ಅವಳು ಎದ್ದಳು. ಸೆರಗು ಹೊದ್ದುಕೊಂಡಳು. ಬಾಗಿಲಲ್ಲಿ ನಿಂತಿದ್ದ ನರ್ಸು ಚೀಟಿ ಕೇಳುವಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದಳು. ನಾನೂ ಹಿಂದೆ ಓಡಿದೆ.

“ಡಾಕ್ಟ್ರಮ್ಮ, ನಾನು ಕೊಟ್ಟೆ” ಎಂದಳು. “ಕಾಮಾಲೆ ಸೊಪ್ಪು. ದಿನಾ ಬೆಳಿಗ್ಗೆ ಕುಡಿಸ್ತಿದ್ದೆ. ಅವ್ಳದೇನೂ ತಪ್ಪಿಲ್ಲ.”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಔಷಧಿ ಕೇಳಿದೆನಲ್ಲಮ್ಮ?”

“ಸೊಪ್ಪು ಅಂದ್ಕಂಡೆ” ಎಂದೆ.

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಅಕ್ಕನನ್ನು ಕೂರಿಸಿದರು. “ಯಾವ ಸೊಪ್ಪು?”

“ಹೆಸ್ರು ಹೇಳ್ಬಾರ್ದು ತಾಯಿ. ಹೇಳುದ್ರೆ ಕೆಲ್ಸ ಮಾಡಲ್ಲ.”

“ಕೆಲಸ ಮಾಡದೆ ಇರಲಿ ಅಂತಲೇ ಕೇಳ್ತಿದ್ದೀನಮ್ಮ.”

ಆ ಹೆದರಿಕೆಯಲ್ಲೂ ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ತನಗೂ ಗೊತ್ತಿಲ್ಲ, ಅರೆದ ಉಂಡೆಯನ್ನೇ ಕೊಡುತ್ತಾರೆ ಎಂದು ಮೆಲ್ಲಗೆ ಹೇಳಿದಳು. ಕೆಲವು ಸೊಪ್ಪು ಲಿವರ್ ಮೇಲೇ ಹೊಡೆಯುತ್ತವೆ, ಏನೆಂದು ಗೊತ್ತಿಲ್ಲದಿರುವಾಗ ಇವತ್ತಿಗೇ ನಿಲ್ಲಿಸಿ ಎಂದರು ಡಾಕ್ಟರಮ್ಮ. ಸೊಪ್ಪಿನಿಂದ ಏರಿದ್ದರೆ ಇಳಿಯುತ್ತದೆ, ರಕ್ತ ಮತ್ತೆ ನೋಡೋಣ. ದೊಡ್ಡ ಸ್ಕ್ಯಾನ್ ಹೇಗೂ ಆಗಲಿ.

ಬಸ್ಸು ಹಂಪಾಪುರ ಮುಟ್ಟಿತು. ಇಳಿದ ಮೇಲೆ ನನ್ನ ಗಂಡ ದನ ಕಟ್ಟಲು ಮುಂದೆ ಹೋದರು. ಅವಳು ಮಾತ್ರ ನನ್ನ ಅಂಗಡಿಯ ಕಡೆಗೆ ತಿರುಗಿ, “ಬಾಗ್ಲು ತಗಿ” ಎಂದಳು. ಒಳಗೆ ಹೋದ ಮೇಲೆ ಷಟರನ್ನು ತಾನೇ ಅರ್ಧ ಎಳೆದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಯಾರದೋ ಹಸಿರು ರವಿಕೆಯ ತುಂಡುಗಳಿದ್ದವು. ಅವನ್ನೇ ನೋಡುತ್ತ ನಿಂತಳು.

“ಅತ್ತೆಮ್ಮನ್ಗೂ ಲಿವರ್ರೇ ಅಂದಿದ್ದು ಕಣೆ” ಎಂದಳು.

“ಹೂಂ, ಕಾಮಾಲೆ ಆಗಿ ಹೋದ್ರಲ್ಲ.”

“ಕಣ್ಣು ಅರಿಸ್ನ ಆಗಿದ್ದು ನಿಜ. ಅದ್ಕೂ ಮೊದ್ಲು ಎಡ್ಗಡೆ ಮೊಲೇಲಿ ಗಂಟಾಗಿತ್ತು. ಗಂಟು ಒಡ್ದು ಹುಣ್ಣಾಯ್ತು. ನಾನೇ ಬಟ್ಟೆ ಕಟ್ತಿದ್ದೆ. ಮಕ್ಳಿಗೆ ಗೊತ್ತಾದ್ರೆ ಸತ್ತೋಯ್ತೀನಿ, ಯಾರ್ಗೂ ಹೇಳ್ಬ್ಯಾಡ ಅಂತ ಲಿಂಗ ಮುಟ್ಸಿ ಆಣೆ ಆಕ್ಸ್ಕಂಡಿದ್ರು. ಇವತ್ಗಂಟ ನಿಮ್ ಭಾವನ್ಗೂ ಹೇಳಿಲ್ಲ.”

ನನ್ನ ಅಂಗಡಿಯಲ್ಲಿ ಆ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು. ನನ್ನ ಬೆರಳಿಗೆ ಹಳೇ ಪಂಚೆಯ ಮೆತ್ತನೆ ನೆನಪಾಯಿತು. ಎಡಗಡೆ ಸಡಿಲ ಬಿಟ್ಟು, ಒಳಗೆ ಎರಡು ಪದರ ಕೊಟ್ಟು, ನಾನೇ ಹೊಲಿದ ರವಿಕೆಗಳು. ಅಳತೆ ಮೈಮೇಲೆ ತೆಗೆಯಬೇಡ, ಹಳೆಯದನ್ನು ನೋಡಿ ಹೊಲಿ ಎನ್ನುತ್ತಿದ್ದರು. ಎಲ್ಲ ನೆನಪಿದೆ.

“ಕಣ್ಣು ಹಳ್ದಿ ಆದ್ಮೇಲೆ ಹಾರನಹಳ್ಳಿಗೆ ಹೋಗಿ ಔಷ್ದಿ ತಂದೆ” ಎಂದಳು ಅಕ್ಕ. “ಎಲ್ಡು ದಿನ ಕುಡುದ್ರು, ಮೂರ್ನೇ ದಿನ ಹೋದ್ರು. ನಾನು ತಡ ಮಾಡ್ದೆ, ಅದ್ಕೇ ಹೋದ್ರು ಅಂತ್ಲೇ ಇಷ್ಟು ವರ್ಷ ಅನ್ಕಂಡಿದ್ದೆ. ನಿಂದೂ ಲಿವರ್ ಅಂದೇಟ್ಗೆ, ಈ ಸಲ ಮೊದ್ಲೇ ತರಾಣ ಅಂತ...”

“ನಂದು ಲಿವರ್ ಅಲ್ಲ ಅಕ್ಕ.”

“ಗೊತ್ತು. ಸೊಂಟ್ನೋವು ಅಂತ ಹೋಗ್ ಬಂದ್ಯಲ್ಲ, ಅವತ್ತಿಂದ ಬಲ್ಗೈ ಎತ್ತಿ ಬಟ್ಟೆ ಒಣಗಾಕ್ತಿರ್ಲಿಲ್ಲ ನೀನು. ಸೊಂಟ್ನೋವ್ನೋಳು ಬಗ್ಗಕಾಗಲ್ಲ ಅಂತಳೆ, ಕೈ ಎತ್ತಕಾಗಲ್ಲ ಅಂತಳಾ?”

ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ನಮ್ಮ ಕಡೆ ಓರಗಿತ್ತಿಯರು ಹೀಗೆ ತಬ್ಬಿಕೊಳ್ಳುವ ಪದ್ಧತಿಯಿಲ್ಲ. ಅವಳು ಕೋಲಿನ ಹಾಗೆ ನಿಂತೇ ಇದ್ದಳು, ಆಮೇಲೆ ಬೆನ್ನು ಸವರಿದಳು. “ತಡ ಆಗಿದ್ದು ಔಷ್ದಿ ಅಲ್ಲ ಕಣಕ್ಕ” ಎಂದೆ. “ಹೂಂ” ಎಂದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಸತ್ತವರ ಮೇಲೆ, ಅವರ ಬಾಯಿ ಕಟ್ಟಿದ ನಾಚಿಕೆಯ ಮೇಲೆ. ಜಗಲಿಯ ಮೇಲೆ ಕೂತು ಲಿವರ್ ಲಿವರ್ ಎಂದು ಎಲ್ಲರಿಗೂ ಹೇಳುತ್ತಿದ್ದ ನನ್ನ ಗಂಡನ ಮೇಲೂ ಬಂತು.

ಷಟರು ಎತ್ತುವಾಗ ಇನ್ನೊಂದು ಹೊಳೆಯಿತು. ಅತ್ತೆಗೂ ನನಗೂ ರಕ್ತದ ನಂಟಿಲ್ಲ. ಅವರ ಕಾಯಿಲೆಯಿಂದ ನನಗೇನೂ ಬರಬೇಕಾಗಿಲ್ಲ. ಆದರೆ ಕೆ.ಆರ್. ನಗರದಲ್ಲಿರುವ ನನ್ನ ಮಗಳು ಅವರ ಮೊಮ್ಮಗಳು, ನಮ್ಮಿಬ್ಬರ ರಕ್ತವೂ ಅವಳಲ್ಲಿದೆ. ಅಜ್ಜಿಗೆ ಕಾಮಾಲೆ, ಅಮ್ಮನಿಗೆ ಲಿವರ್ ಎಂದು ತಿಳಿದುಕೊಂಡು ಕೂತಿರುವವಳು.

ಮನೆಗೆ ಹೋದಾಗ ನನ್ನ ಗಂಡ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಅಕ್ಕ ನನ್ನ ಪಕ್ಕದಲ್ಲೇ ನಿಂತಳು, ಹೇಳಿದವಳು ನಾನು. ಸುತ್ತಿ ಬಳಸಲಿಲ್ಲ. ಅವರ ಅವ್ವನಿಗೆ ಏನಾಗಿತ್ತು, ಎಲ್ಲಿ ಆಗಿತ್ತು, ಯಾರು ಬಟ್ಟೆ ಕಟ್ಟುತ್ತಿದ್ದರು, ಎಲ್ಲವನ್ನೂ ಅದರದರ ಹೆಸರಿನಿಂದಲೇ ಹೇಳಿದೆ. ನೀರು ಹರಿಯುತ್ತಲೇ ಇತ್ತು. ನಲ್ಲಿ ನಿಲ್ಲಿಸಿ, “ಎಡ್ಗಡೆಯಾ?” ಎಂದರು.

“ಹೂಂ.”

“ಕೊನೇಲಿ ಅವ್ವ ಬಿಂದ್ಗೆ ಎಡ್ಗಡೆ ಇಟ್ಕತಿರ್ಲಿಲ್ಲ” ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಹುಲ್ಲಿನ ಮೆದೆಯ ಹತ್ತಿರ ಕೂತರು. ಅವರನ್ನು ಅವರ ಪಾಡಿಗೆ ಬಿಟ್ಟು ಮಗಳಿಗೆ ಫೋನ್ ಮಾಡಿದೆ. ಅವಳು ಅತ್ತಳು, ಆಮೇಲೆ ಸರಿಯಾಗಿ ಬೈದಳು. “ನಂಗೂ ಲಿವರ್ ಅಂದ್ರಲ್ಲಮ್ಮ, ನಾನೇನು ಹೋಟ್ಲಲ್ಲಿ ಟೀ ಕುಡಿಯೋಳಾ?” ಎಂದಳು. ಬೈಗುಳದಲ್ಲಿ ನನ್ನ ಮಗಳೇ. ಮರುದಿನ ಬಸ್ಸಿಗೆ ಬಂದಿಳಿದಳು, ಆಪರೇಷನ್ ಮುಗಿಯುವವರೆಗೂ ಹೋಗಲಿಲ್ಲ.

ದೊಡ್ಡ ಸ್ಕ್ಯಾನ್ ಆಯಿತು. ಕೈಗೆ ಸೂಜಿಯಲ್ಲಿ ಏನೋ ಬಿಟ್ಟು, ಅದು ಚುಕ್ಕೆಯೊಳಕ್ಕೆ ಹೇಗೆ ತುಂಬಿಕೊಳ್ಳುತ್ತದೆ ಎಂದು ನೋಡಿದರು. ಸೊಪ್ಪು ನಿಲ್ಲಿಸಿದ ಮೇಲೆ ರಕ್ತವೂ ಇಳಿಯುತ್ತ ಬಂತು. ಇಳಿಯುವವರೆಗೆ ಕಾಯಿಸಿದರು, ಕಾದೆವು. ಆ ದಿನಗಳಲ್ಲಿ ಒಪ್ಪಿಕೊಂಡಿದ್ದ ರವಿಕೆಗಳನ್ನೆಲ್ಲ ಹೊಲಿದು ಮುಗಿಸಿದೆ. ಒಂದಕ್ಕೂ ಮೂರು ತೋಳು ಬರಲಿಲ್ಲ.

“ರಕ್ತನಾಳದ ಗಂಟೇ” ಎಂದರು ಡಾಕ್ಟರಮ್ಮ ಕೊನೆಗೆ. “ನಿಮ್ಮ ಜೊತೆಗೇ ಹುಟ್ಟಿದ್ದಿರಬಹುದು. ಅದರ ಪಾಡಿಗೆ ಅದು ಇರಲಿ. ಎಲ್ಲಿಗೂ ಹರಡಿಲ್ಲ. ಆಪರೇಷನ್ ಮಾಡೋಣ.”

“ನಾನು ಹೇಳ್ಲಿಲ್ವಾ?” ಎಂದು ಪಕ್ಕಕ್ಕೆ ತಿರುಗಿದೆ. ನನ್ನ ಗಂಡ ಟವಲಿನಿಂದ ಮುಖ ಮುಚ್ಚಿಕೊಂಡಿದ್ದರು.

ಆಸ್ಪತ್ರೆಗೆ ಸೇರುವ ಬೆಳಿಗ್ಗೆ ಕೌಂಟರಿನ ಮುಂದೆ ಸಾಲು ಇತ್ತು. ನಮ್ಮ ಹಿಂದೆ ಹುಣಸೂರಿನ ಕಡೆಯವರು ಯಾರೋ ನಿಂತಿದ್ದರು, ಅವರ ಹಿಂದೆ, ಗ್ರಹಚಾರಕ್ಕೆ, ನಮ್ಮೂರಿನ ಹೋಟೆಲಿನಲ್ಲಿ ದಿನವೂ ಟೀ ಕುಡಿಯುವ ಒಬ್ಬ. ಅಕ್ಕ ಮತ್ತು ಮಗಳು ಚೀಲಗಳ ಜೊತೆ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು.

“ಏನು ತೊಂದರೆಗೆ ಅಡ್ಮಿಟ್ ಆಗ್ತಿರೋದು?” ಎಂದಳು ನರ್ಸು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಮುಂದೆ ಬಂದು ಕೌಂಟರಿನ ಮೇಲೆ ಕೈಯಿಟ್ಟರು.

“ಮೊಲೆ ಕ್ಯಾನ್ಸರ್ರು. ಬಲ್ಗಡೆ” ಎಂದರು, ಹೊಲದ ಆಚೆಯವರನ್ನು ಕೂಗುವಷ್ಟು ಗಟ್ಟಿಯಾಗಿ. “ಲಿವರ್ ಚೆನ್ನಾಗದೆ.”

ಟೀ ಕುಡಿಯುವವನು ಸಾಲಿನಿಂದ ಕತ್ತು ಹೊರಗೆ ಚಾಚಿ ನೋಡಿದ. ನರ್ಸು ಬರೆದುಕೊಂಡಳು. “ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ?”

“ನಮ್ಮ ತವರಲ್ಲಿ ಯಾರಿಗೂ ಇಲ್ಲ” ಎಂದೆ.

“ನಮ್ಮವ್ವಂಗಿತ್ತು” ಎಂದರು ಅವರು.

“ನಿಮ್ಮ ತಾಯಿದು ಇವರಿಗೆ ಲೆಕ್ಕಕ್ಕೆ ಬರಲ್ಲ ಸರ್. ರಕ್ತಸಂಬಂಧದವರು ಮಾತ್ರ.”

ಅವರು ಬೆಂಚಿನ ಕಡೆ ತಿರುಗಿದರು. ನಮ್ಮ ಮಗಳು ತಲೆಯೆತ್ತಿ ಇತ್ತಲೇ ನೋಡುತ್ತಿದ್ದಳು.

“ಇವ್ಳಿಗೆ ಬ್ಯಾಡ ಬುಡವ್ವ” ಎಂದರು ನನ್ನ ಗಂಡ. “ಅಗೋ, ಅಲ್ಲಿ ಕೂತವ್ಳಲ್ಲ, ಅವ್ಳಿಗೆ ಬರ್ಕೊ.”